ನಂದಾಯ್ತು, ನೀನುಣ್ಣು

ನಗೋದಿದ್ದರೆ ಈಗಲೇ ನಕ್ಕುಬಿಡಿ. ನಾವೂ ನಕ್ಕವರೇ. ನಮ್ಮ ಹಟ್ಟಿ ಎದುರಿಗೇ ಇದ್ದ ಅವನು, ಜವರ. ವಯಸ್ಸು ಮೂವತ್ತು, ಆಳು ಗುಂಡುಕಲ್ಲಿನ ಹಾಗೆ, ಬುದ್ಧಿ ಮಾತ್ರ ತೊಟ್ಟಿಲಲ್ಲೇ ಮಲಗಿಬಿಟ್ಟಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವನು. ಒಂದು ಕೂದಲೆಳೆ ಆಚೆ ಇಲ್ಲ, ಈಚೆ ಇಲ್ಲ.

ಅವನ ಅವ್ವ ದ್ಯಾವಮ್ಮ. ಗಂಡ ಸತ್ತಮೇಲೆ ಕಳೆ ಕಿತ್ತು, ನಾಟಿ ಹಾಕಿ ಮಗನನ್ನು ಸಾಕಿದವಳು. ಸಂಜೆ ಎರಡು ಮುದ್ದೆ ಕಟ್ಟುವಳು, ಎರಡನ್ನೂ ಮಗನ ತಟ್ಟೆಗೆ ಇಡುವಳು.

"ನಿಂದಾಯ್ತಾ ಅವ್ವ?"

"ನಂದಾಯ್ತು ಕಣ್ ಮಗ. ನೀನುಣ್ಣು."

ಆಯ್ತು ಅಂದರೆ ಆಯ್ತು! ಪೆದ್ದ ಎರಡು ಮುದ್ದೆಯನ್ನೂ ಉಣ್ಣುವನು. ಅವ್ವ ಮಡಕೆ ತಳ ಕೆರೆದು, ಮೇಲೊಂದು ಲೋಟ ಕರಿ ಟೀ ಕುಡಿದು ಮಲಗುವಳು. ನಮ್ಮ ಕಡೆ ಹೆಂಗಸರು ಉಣ್ಣೋದೇ ಹಾಗಲ್ಲವೇ, ಕೊನೆಗೆ, ಉಳಿದರೆ.

ಒಂದು ದಿನ ದ್ಯಾವಮ್ಮ ಗದ್ದೆ ಬದುವಿನ ಮೇಲೆ ಕಣ್ಣು ಕತ್ತಲಿಟ್ಟು ಬಿದ್ದಳು. ಆಸ್ಪತ್ರೆಯ ಶಕುಂತಲ ಸಿಸ್ಟರಮ್ಮ ಬಂದು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಸುಣ್ಣದ ಹಾಗೆ ಬಿಳಿ.

"ಮೈಯಲ್ಲಿ ರಕ್ತವೇ ಇಲ್ಲವಲ್ಲಮ್ಮ! ಹೀಗೇ ಬಿಟ್ಟರೆ ಜೀವಕ್ಕೆ ಅಪಾಯ. ಜವರಪ್ಪ, ನಿಮ್ಮವ್ವನಿಗೆ ದಿನಾ ದಂಟಿನ ಸೊಪ್ಪು ಕೊಡು. ಅದರಲ್ಲಿ ಕಬ್ಬಿಣದ ಅಂಶ ಇರುತ್ತೆ."

"ಕೊಡ್ತೀನಿ ಸಿಸ್ಟರಮ್ಮ!"

ಓಡಿದ. ದಂಟು ಕಿತ್ತ. ಬೇರಿನ ಸಮೇತ, ಮಣ್ಣಿನ ಸಮೇತ ತಂದು ಅವ್ವನ ಬಾಯಿಗೆ ಹಿಡಿದ, ಆಡಿಗೆ ಹಿಡಿಯೋ ಹಾಗೆ.

"ತಿನ್ನವ್ವ!"

"ಏನ್ಲಾ ಇದು! ಸೊಪ್ಪನ್ನ ಹಿಂಗಾ ಕೊಡೋದು? ತೊಳೀಬೇಕು, ಹೆಚ್ಚಬೇಕು, ಬೇಯಿಸಿ ಬಸೀಬೇಕು ಕಣ್ಲಾ!"

"ಮುಂದಿನ ಸಲ ಹಂಗೇ ಮಾಡ್ತೀನಿ ಅವ್ವ!"

ಅವಳೇ ಎದ್ದು ಗೋಡೆ ಹಿಡಿದುಕೊಂಡು ಬಸ್ಸಾರು ಮಾಡಿದಳು, ಮುದ್ದೆ ಕಟ್ಟಿದಳು. "ನಿಂದಾಯ್ತಾ ಅವ್ವ?" "ನಂದಾಯ್ತು ಕಣ್ ಮಗ. ನೀನುಣ್ಣು." ಸೊಪ್ಪೆಲ್ಲ ಪೆದ್ದನ ಹೊಟ್ಟೆಗೆ ಹೋಯಿತು.

ಮುಂದಿನ ವಾರ ಸಿಸ್ಟರಮ್ಮ ಬಂದರು. "ಸೊಪ್ಪಿನ ಜೊತೆ ಏನಾದರೂ ಹುಳಿ ಇರಲಿ, ಆಗ ಮೈಗೆ ಹತ್ತುತ್ತೆ. ನೆಲ್ಲಿಕಾಯಿ ಕೊಡು. ಊಟದ ಮೇಲೆ ಆ ಟೀ ಮಾತ್ರ ಬೇಡ."

ಓಡಿದ. ನೆಲ್ಲಿಕಾಯಿ ತಂದ. ಅವ್ವ ಹೇಳಿದ್ದು ನೆನಪಿತ್ತಲ್ಲ! ತೊಳೆದ, ಹೆಚ್ಚಿದ, ಬೇಯಿಸಿದ. ಬೇಯಿಸಿದ, ಬೇಯಿಸಿದ, ಅರ್ಧ ದಿನ ಬೇಯಿಸಿದ. ಬಸಿದು ನೀರನ್ನು ಹಿತ್ತಲಿಗೆ ಚೆಲ್ಲಿ, ಉಳಿದ ಸಿಪ್ಪೆ ತಂದು ಅವ್ವನ ಮುಂದಿಟ್ಟ.

"ಅಯ್ಯೋ ನನ್ನ ಕರ್ಮವೇ! ಸತ್ವವೆಲ್ಲ ಚರಂಡಿಗೆ ಹೋಯ್ತಲ್ಲೋ! ಇಂಥದ್ದನ್ನ ಬೇಯಿಸಬಾರದು. ಹಸೀದೇ, ಉಪ್ಪು ಮುಟ್ಟಿಸಿ ಬಾಯಿಗೆ ಹಾಕಬೇಕು!"

"ಮುಂದಿನ ಸಲ ಹಂಗೇ ಮಾಡ್ತೀನಿ ಅವ್ವ!"

ಎದುರು ಜಗಲಿಯಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡ ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಬಾವಿಕಟ್ಟೆಯಲ್ಲಿ ಎಲ್ಲರಿಗೂ ಹೇಳಿ ಅವರನ್ನೂ ನಗಿಸಿದೆ.

ಸಿಸ್ಟರಮ್ಮ ಮತ್ತೆ ಬಂದರು. "ಸೊಪ್ಪೊಂದೇ ಸಾಲದು, ಮೈ ಕಟ್ಟೋಕೆ ಕಾಳೂ ಬೇಕು. ಹುರುಳಿಕಾಳು ಕೊಡು."

ಓಡಿದ. ಹುರುಳಿ ತಂದ. ಹಸೀದೇ! ಉಪ್ಪು ಮುಟ್ಟಿಸಿ! ಒಂದು ಹಿಡಿ ಅವ್ವನ ಬಾಯಿಗೆ ಸುರಿದ. ಕಟಕ್ ಅಂತು. ಇದ್ದ ಆರು ಹಲ್ಲಿನಲ್ಲಿ ಒಂದು ಹೋಯಿತು.

"ಲೋ ಪಾಪಿ! ಇದನ್ನ ರಾತ್ರಿಯೆಲ್ಲ ನೆನೆಸಿ, ಒದ್ದೆ ಬಟ್ಟೇಲಿ ಗಂಟು ಕಟ್ಟಿ, ಎರಡು ದಿವಸ ಮುಚ್ಚಿಡಬೇಕು ಕಣ್ಲಾ. ಮೊಳಕೆ ಬಂದ್ರೆ ಸತ್ವ ಎರಡರಷ್ಟಾಗುತ್ತೆ!"

"ಮುಂದಿನ ಸಲ ಹಂಗೇ ಮಾಡ್ತೀನಿ ಅವ್ವ!"

ಆ ಹುರುಳಿಯನ್ನೂ ಅವಳೇ ಮೊಳಕೆ ಕಟ್ಟಿ ಸಾರು ಮಾಡಿದಳು. "ನಿಂದಾಯ್ತಾ ಅವ್ವ?" "ನಂದಾಯ್ತು ಕಣ್ ಮಗ. ನೀನುಣ್ಣು." ಜವರ ದಿನದಿಂದ ದಿನಕ್ಕೆ ದುಂಡಗಾದ. ದ್ಯಾವಮ್ಮ ದಿನದಿಂದ ದಿನಕ್ಕೆ ಬಾಗಿಲು ದಾಟಲಾರದವಳಾದಳು.

ಈ ಸಲ ಸಿಸ್ಟರಮ್ಮನ ಮುಖ ಸಪ್ಪಗಾಯಿತು. ಒಂದು ತಿಂಗಳಿನ ಕೆಂಪು ಮಾತ್ರೆ ಕೊಟ್ಟರು. "ಜವರಪ್ಪ, ಇನ್ನು ಇದೇ ಗತಿ. ಇದರಲ್ಲೇ ಸತ್ವ ಇರೋದು. ದಿನಕ್ಕೊಂದು ಕೊಡು, ಜೋಪಾನ!"

ಜೋಪಾನವೇ ಮಾಡಿದ ಪೆದ್ದ. ಮೂವತ್ತು ಮಾತ್ರೆಯನ್ನೂ ಬಿಡಿಸಿದ. ರಾತ್ರಿಯೆಲ್ಲ ನೆನೆಸಿದ. ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿದ. ಎರಡು ದಿವಸ ಮುಚ್ಚಿಟ್ಟು ಬಿಚ್ಚಿ ನೋಡಿದ. ಕೆಂಪು ರಾಡಿ!

"ಅವ್ವ, ಒಂದೂ ಮೊಳಕೆ ಬಂದಿಲ್ಲ!"

ದ್ಯಾವಮ್ಮ ಆ ಬಟ್ಟೆ ನೋಡಿದಳು. ಬಯ್ಯಲಿಲ್ಲ. ಬಯ್ಯೋದಕ್ಕೂ ಉಸಿರು ಬೇಕಲ್ಲ. "ಸಿಸ್ಟರಮ್ಮಂಗೆ ಹೇಳಬ್ಯಾಡ ಕಣ್ ಮಗ. ನಿನ್ನ ಬಯ್ತಾರೆ" ಅಂದಳು. ಅವನು ಹೇಳಲಿಲ್ಲ. ಹೇಳಬೇಡ ಅಂದರೆ ಹೇಳಬಾರದು.

ಆಮೇಲೆ ಬಂದ ಸಿಸ್ಟರಮ್ಮ ಅವ್ವನನ್ನು ನೋಡಿದರು, ಮಗನನ್ನು ನೋಡಿದರು, ಒಲೆ ಪಕ್ಕದಲ್ಲಿದ್ದ ಒಂದೇ ತಟ್ಟೆಯನ್ನೂ ನೋಡಿದರು.

"ಜವರ, ನಿಮ್ಮವ್ವ ಉಣ್ಣೋದನ್ನ ನೀನು ಕಣ್ಣಾರೆ ನೋಡಿದೀಯಾ?"

"ಇಲ್ಲ ಸಿಸ್ಟರಮ್ಮ. ಅವ್ವ ಆಯ್ತು ಅಂತಾಳೆ."

"ಅಯ್ಯೋ ದಡ್ಡ! ಸುಳ್ಳು ಹೇಳ್ತಾಳೋ! ನಿನ್ನ ಹೊಟ್ಟೆ ತುಂಬಲಿ ಅಂತ ಸುಳ್ಳು ಹೇಳ್ತಾಳೆ! ನಾಳೆಯಿಂದ ಮೊದಲು ಅವಳಿಗಿಡು. ತಟ್ಟೆ ಖಾಲಿಯಾಗೋವರೆಗೂ ನೀನು ಒಂದಗುಳು ಮುಟ್ಟಬೇಡ. ಆಯ್ತು ಅಂದರೆ ನಂಬಬೇಡ. ನಾಳೆ ಗಾಡಿ ತರ್ತೀನಿ, ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗೋಣ."

ಜವರ ಬಾಯಿ ಬಿಟ್ಟುಕೊಂಡು ನಿಂತ. ಅವ್ವ ಸುಳ್ಳು ಹೇಳಬಹುದು ಅಂತ ಅವನಿಗೆ ಗೊತ್ತೇ ಇರಲಿಲ್ಲ. ಬೆಳಿಗ್ಗೆ ಎದ್ದವನೇ ಸೊಪ್ಪು ತೊಳೆದ, ಹೆಚ್ಚಿದ, ಬೇಯಿಸಿ ಬಸಿದ. ನೆಲ್ಲಿಕಾಯಿಯನ್ನು ಹಸೀದೇ ಇಟ್ಟ, ಉಪ್ಪು ಮುಟ್ಟಿಸಿ. ಎಲ್ಲ ಸರಿಯಾಗಿತ್ತು. ಹುಟ್ಟಿದಾಗಿನಿಂದ ಮೊದಲ ಸಲ ಎಲ್ಲ ಸರಿಯಾಗಿತ್ತು. ತಟ್ಟೆ ಹಿಡಿದು ಅವ್ವನ ಹತ್ತಿರ ಹೋದ. ಅವ್ವ ಏಳಲಿಲ್ಲ.

ಹನ್ನೊಂದನೇ ದಿನದ ತಿಥಿಗೆ ಊರ ಹೆಂಗಸರೆಲ್ಲ ಸೇರಿ ಅಡುಗೆ ಮಾಡಿದೆವು. ಸೊಪ್ಪು, ಕಾಳು, ಮೊಟ್ಟೆ, ಮುದ್ದೆ, ಅನ್ನ, ಪಾಯಸ. ಅವಳು ಬದುಕಿದ್ದಾಗ ಒಂದು ಬಟ್ಟಲು ಸಾರು ಕಳಿಸದಿದ್ದ ಕೈಗಳೇ ಇವು. ನನ್ನ ಕೈಯೂ ಅದರಲ್ಲಿತ್ತು. ಈಗ ಹೇಳಿ ಏನು ಪ್ರಯೋಜನ?

ಬಾಳೆ ಎಲೆಯಲ್ಲಿ ಎಡೆ ಇಟ್ಟರು. ಹಿರಿಯರಾದ ಮರೀಗೌಡರು ಹೇಳಿದರು, "ನೋಡಪ್ಪ ಜವರ, ನಿಮ್ಮವ್ವ ಕಾಗೆಯಾಗಿ ಬತ್ತಾಳೆ. ಅವಳು ಉಂಡ ಮೇಲೇ ನಾವು ಉಣ್ಣೋದು."

ಕಾಗೆ ಬಂತು. ಒಂದು ಕೊಕ್ಕು ಅನ್ನ ಕಚ್ಚಿಕೊಂಡು ಹಾರಿಹೋಯಿತು.

"ಮುಟ್ತು, ಮುಟ್ತು! ದ್ಯಾವಮ್ಮಂದಾಯ್ತು. ಏಳ್ರಪ್ಪ, ಊಟಕ್ಕೆ!"

"ಆಗಿಲ್ಲ!" ಜವರ ಕೂಗಿಕೊಂಡ. "ನಂಬಬ್ಯಾಡಿ! ಅವ್ವ ಯಾವಾಗ್ಲೂ ಆಯ್ತು ಅಂತಾಳೆ! ಸುಳ್ಳು! ಎಲೆ ಖಾಲಿಯಾಗಿಲ್ಲ!"

ಎಡೆಯ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕಾಗೆಯ ಹಿಂದೆ ಓಡಿದ. ಕಾಗೆ ಬೇಲಿ ದಾಟಿತು, ಇವನೂ ದಾಟಿದ. ಹಳ್ಳ ದಾಟಿತು, ಇವನೂ ದಾಟಿದ. ಸಾರು ಮೊಣಕೈಯಿಂದ ಸೋರುತ್ತಿತ್ತು. ಕಾಗೆ ಹೊಂಗೆಮರದ ಮೇಲೆ ಕೂತಿತು. ಪೆದ್ದ ಎಲೆಯನ್ನು ಎದೆಗವಚಿಕೊಂಡು ಮರ ಹತ್ತಿದ.

ನಾವೆಲ್ಲ ಹಿಂದೆಯೇ ಹೋಗಿ ಮರದ ಕೆಳಗೆ ನಿಂತು ನಕ್ಕೆವು. ಸ್ವಲ್ಪ ಹೊತ್ತು ನಕ್ಕೆವು, ಆಮೇಲೆ ಯಾಕೋ ನಗು ನಿಂತಿತು.

"ಇಳಿಯೋ ಲೇ, ನೀನಾದ್ರೂ ಒಂದು ತುತ್ತು ಉಣ್ಣೋ!" ಅಂತ ಮರೀಗೌಡರು ಕೂಗಿದರು. ಅವನು ಹಿಂದಿನ ದಿನದಿಂದ ಬಾಯಿಗೆ ಏನನ್ನೂ ಹಾಕಿರಲಿಲ್ಲ. ಕೊಂಬೆಯ ಮೇಲೆ ಕೂತು, ಹರಿದ ಎಲೆಯಲ್ಲಿ ಉಳಿದ ಸೊಪ್ಪನ್ನು ಒಂದು ಕಡೆಗೆ ಒತ್ತರಿಸಿ, ಕಾಗೆಯ ಕಡೆಗೆ ಕೈ ನೀಡಿದ. ಕಾಗೆ ಕತ್ತು ಓರೆ ಮಾಡಿ ಅವನನ್ನೇ ನೋಡಿತು.

ಜವರ ಅದಕ್ಕೆ ಮೆಲ್ಲಗೆ ಹೇಳಿದ, "ನಂದಾಯ್ತು ಕಣವ್ವ. ನೀನುಣ್ಣು."