ತೊರೆಯ ಈಚೆ ನಿಂತ ಬೋಧಕ

"ಅಯ್ಯನವರೇ, ಆ ಜನ ನನ್ನನ್ನು ಹತ್ತಿರವೇ ಸೇರಿಸದಿದ್ದರೆ ನಾನೇನು ಮಾಡಲಿ?"

ಯೋತಾಮ ಹೀಗೆ ಕೇಳಿದ್ದು ಹಡಗು ಹತ್ತಬೇಕಾದ ವಾರದಲ್ಲಿ. ಅವನು ಮನಶ್ಶೆ ಅಯ್ಯನವರ ಬಳಿ ಸತ್ಯವೇದ ಕಲಿತವನು. ದೂರದ ದ್ವೀಪವೊಂದರಲ್ಲಿ ಸುವಾರ್ತೆ ಸಾರಲು ಸಭೆ ಅವನನ್ನು ಆರಿಸಿತ್ತು. ಪೆಟ್ಟಿಗೆ ಕಟ್ಟಿ ಮುಗಿದಿತ್ತು. ಆದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ, ಕಣ್ಣಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಅಯ್ಯನವರು ಅವನನ್ನು ಎದುರಿಗೆ ಕೂರಿಸಿಕೊಂಡು ಹೇಳತೊಡಗಿದರು.

ಒಬ್ಬ ಬೋಧಕನಿದ್ದ. ಅವನಿಗೂ ಅಂಥದೇ ಒಂದು ದ್ವೀಪಕ್ಕೆ ಕರೆ ಬಂತು. ಹೆಂಡತಿ ತಬಿಥಾಳನ್ನು ಕರೆದುಕೊಂಡು ಹೊರಟ. ದಾರಿಯುದ್ದಕ್ಕೂ ಅವನಿಗೆ ಭಯ. ಬಿರುಗಾಳಿಗೆ ಅವನು ಅಷ್ಟಾಗಿ ಅಂಜಲಿಲ್ಲ. ಇಳಿದ ಮೇಲೆ ಆ ಜನರ ಮುಂದೆ ಹೇಗೆ ನಿಲ್ಲುವುದು, ಅವರು ಏನು ಮಾಡಿಯಾರು ಎಂಬುದೇ ಚಿಂತೆ. ಹಡಗಿನವರಲ್ಲಿ ಒಬ್ಬೊಬ್ಬ ಒಂದೊಂದು ಕತೆ ಹೇಳುತ್ತಿದ್ದ. ಯಾವ ಕತೆಯೂ ಧೈರ್ಯ ಕೊಡುವಂಥದಾಗಿರಲಿಲ್ಲ.

ದ್ವೀಪದ ಸುತ್ತ ಹವಳದ ದಿಬ್ಬಗಳಿದ್ದವು. ಹಡಗು ದೂರದಲ್ಲೇ ನಿಂತಿತು. ದೋಣಿಯಲ್ಲಿ ಗಂಡಹೆಂಡಿರನ್ನೂ ಅವರ ಸಾಮಾನನ್ನೂ ತಂದು ಮರಳಿನ ಮೇಲೆ ಇಳಿಸಿದರು. ಗಾಳಿ ತಿರುಗಿದ ಮೇಲೆ ಮತ್ತೆ ಬರುವುದಾಗಿ ಹೇಳಿ ದೋಣಿಯವರು ಅವಸರದಿಂದ ಹೊರಟುಹೋದರು. 

ತೆಂಗಿನ ಮರಗಳ ಸಾಲಿನಲ್ಲಿ ಊರಿನ ಜನ ನಿಂತಿದ್ದರು. ಗಂಡಸರು ಮುಂದೆ, ಹೆಂಗಸರು ಹಿಂದೆ. ಬೋಧಕ ಕೈ ಎತ್ತಿದ. ಆ ಕಡೆ ಯಾರ ಕೈಯೂ ಏಳಲಿಲ್ಲ. ಅವನು ಮುಂದೆ ನಡೆದ. ಅವರು ಅಷ್ಟೇ ಹಿಂದೆ ಸರಿದರು. ಅವನು ಇನ್ನೂ ಮುಂದೆ ನಡೆದ. ಒಂದು ಈಟಿ ಬಂದು ಅವನ ಕಾಲಿನ ಮುಂದೆ ಮರಳಿನಲ್ಲಿ ನಾಟಿತು.

ಜನರ ನಡುವಿನಿಂದ ಒಬ್ಬ ಕೂಗಿದ. ಅವನ ಹೆಸರು ತೆಮು. ಹಿಂದೆ ಹಡಗುಗಳಲ್ಲಿ ದುಡಿದವನಾದ್ದರಿಂದ ಅವನಿಗೆ ಹಿಂದುಸ್ತಾನಿ ಅಲ್ಪಸ್ವಲ್ಪ ಬರುತ್ತಿತ್ತು. ಬೋಧಕನಿಗೂ ಆ ಭಾಷೆ ಗೊತ್ತಿತ್ತು.

"ಅಲ್ಲೇ ನಿಲ್ಲು. ಅಗೋ, ಆ ತೊರೆ ನೋಡು. ಆಚೆ ಕಡೆ ನಿಮ್ಮದು. ಈಚೆ ಕಡೆ ನಮ್ಮದು. ದಾಟಬೇಡಿ."

"ನಾವು ಕೇಡು ಮಾಡುವವರಲ್ಲ. ಒಳ್ಳೆಯ ಸುದ್ದಿ ತಂದಿದ್ದೇವೆ," ಎಂದ ಬೋಧಕ.

"ಹಿಂದೆ ಬಂದವರೂ ಒಳ್ಳೆಯವರೇ. ನಮ್ಮ ಮಕ್ಕಳ ತಲೆ ಸವರಿದರು. ನಮ್ಮ ಜೊತೆ ಕೂತು ಉಂಡರು. ಅವರು ಹೋದ ಮೇಲೆ ನಮ್ಮವರ ಮೈತುಂಬ ಬೊಕ್ಕೆ ಎದ್ದವು. ಊರಿನಲ್ಲಿ ಅರ್ಧ ಮನೆಗಳು ಖಾಲಿ. ಚಂದ್ರ ಒಂದು ಸಲ ತುಂಬಿ ಕರಗಲಿ. ಅಲ್ಲಿಯವರೆಗೆ ನೀವು ನೆಟ್ಟಗಿದ್ದರೆ ಬನ್ನಿ."

"ನಮಗೆ ಯಾವ ರೋಗವೂ ಇಲ್ಲ."

"ಅವರೂ ಹಾಗೇ ಅಂದಿದ್ದರು."

ಗಂಡಹೆಂಡಿರು ತಮಗೆ ಬಿಟ್ಟ ದಡದಲ್ಲಿ ಗುಡಾರ ಹಾಕಿದರು. ಊರಿನವರು ಅವರನ್ನು ಉಪವಾಸ ಕೆಡವಲಿಲ್ಲ. ತೊರೆಯ ನಡುವೆ ಒಂದು ಚಪ್ಪಟೆ ಬಂಡೆಯಿತ್ತು. ಬೆಳಿಗ್ಗೆ ಯಾರಾದರೂ ಬಂದು ಅದರ ಮೇಲೆ ಸುಟ್ಟ ಜೀಗುಜ್ಜೆಕಾಯಿ, ಮೀನು, ಎಳನೀರು ಇಟ್ಟು ಹಿಂದೆ ಹೋಗುತ್ತಿದ್ದರು. ಅವರು ದೂರವಾದ ಮೇಲೆ ಬೋಧಕ ಹೋಗಿ ತರುತ್ತಿದ್ದ. ಮೊದಲ ದಿನ ಅವನು ಅದನ್ನು ಮೂಸಿ ನೋಡಿದ. ವಿಷ ಹಾಕಿರಬಹುದೇ ಎಂದು ತಿರುಗಿಸಿ ತಿರುಗಿಸಿ ನೋಡಿದ. ಅವನು ನೋಡುತ್ತಿರುವಾಗಲೇ ತಬಿಥಾ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು.

"ಉಪ್ಪು ಸ್ವಲ್ಪ ಕಡಿಮೆ," ಎಂದಳು.

ಬೋಧಕನಿಗೆ ನಗು ಬರಲಿಲ್ಲ. ಅವನಿಗೆ ಕಾಯುವುದೇ ಕಷ್ಟವಾಗಿತ್ತು. ಆಚೆ ಡೋಲು ಬಡಿದರೆ ತಮ್ಮ ವಿಷಯವೇ ಮಾತಾಡುತ್ತಿದ್ದಾರೆ ಎನಿಸುತ್ತಿತ್ತು. ಡೋಲು ನಿಂತರೆ ಯಾಕೆ ನಿಂತಿತು ಎಂದು ಗಾಬರಿ. ತೊರೆಯ ದಡದಲ್ಲಿ ನಿಂತು ಕೀರ್ತನೆ ಹಾಡಿದ. ಆಚೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಬಟ್ಟೆ ಎತ್ತಿಕೊಂಡು ಹೊರಟುಹೋದರು. ದೇವರು ತನ್ನನ್ನು ಇಷ್ಟು ದೂರ ಕಳಿಸಿದ್ದು ಮರಳಿನ ಮೇಲೆ ಸುಮ್ಮನೆ ಕೂರಲಿಕ್ಕೋ ಎಂದು ಅವನು ತನ್ನಷ್ಟಕ್ಕೆ ಕುದಿಯತೊಡಗಿದ. ಒಂದು ದಿನ ಸತ್ಯವೇದದ ಪುಸ್ತಕವನ್ನು ಕಂಕುಳಲ್ಲಿ ಇರಿಸಿಕೊಂಡು ಎದ್ದುನಿಂತ.

"ಇವತ್ತು ದಾಟುತ್ತೇನೆ. ಕರೆದ ದೇವರೇ ಕಾಪಾಡುತ್ತಾನೆ. ಒಂದು ಈಟಿಗೆ ಹೆದರಿ ಕೂತರೆ ನಾನು ಯಾವ ಬೋಧಕ?"

ತಬಿಥಾ ಅವನ ದಾರಿಗೆ ಅಡ್ಡ ಬರಲಿಲ್ಲ. ಕೂತಲ್ಲಿಂದಲೇ ಹೇಳಿದಳು:

"ಅವರು ನಮ್ಮನ್ನು ಕೇಳಿರುವುದು ಇದೊಂದೇ. ಅದನ್ನೂ ಕೊಡಲಾರೆವು ಎಂದರೆ ಮತ್ತೇನು ಕೊಡುವುದಕ್ಕೆ ಬಂದಿದ್ದೇವೆ, ನೀವೇ ಹೇಳಿ."

ಅವನು ಸಿಟ್ಟಿನಿಂದಲೇ ಪುಸ್ತಕ ಕೆಳಗಿಟ್ಟ. ಆಮೇಲೆ ಕೂತ.

ಮಾರನೆಯ ದಿನ ತಬಿಥಾಳಿಗೆ ಮೈ ಬಿಸಿಯಾಯಿತು. ಸಂಜೆಯ ಹೊತ್ತಿಗೆ ಹಲ್ಲು ಕಟಕಟಿಸುವಷ್ಟು ಚಳಿ. ಬೋಧಕ ಅವಳಿಗೆ ಇದ್ದಬದ್ದ ಬಟ್ಟೆಯನ್ನೆಲ್ಲ ಹೊದಿಸಿದ. ಬೆಳಗಾಗುತ್ತಲೇ ಅವಳ ಕೈ, ಕುತ್ತಿಗೆ, ಕಿವಿಯ ಹಿಂಭಾಗ ಎಲ್ಲ ನೋಡಿದ. ಬೊಕ್ಕೆ ಕಾಣಲಿಲ್ಲ. ನಾಳೆ ಅವು ಏಳುವುದಿಲ್ಲ ಎಂದು ಯಾರು ಹೇಳಬಲ್ಲರು? ಹಡಗಿನಲ್ಲಿ ಒಬ್ಬ ಖಲಾಸಿ ಜ್ವರ ಎಂದು ಮಲಗಿದ್ದು ಅವನಿಗೆ ನೆನಪಾಯಿತು. ಆ ಖಲಾಸಿಗೆ ಗಂಜಿ ಕುಡಿಸಿದವಳು ತಬಿಥಾಳೇ.

ದಿನವೂ ಬೆಳಿಗ್ಗೆ ತೆಮು ತೊರೆಯ ಆಚೆ ಬಂದು ನಿಂತು, "ಇಬ್ಬರೂ ನೆಟ್ಟಗಿದ್ದೀರಾ?" ಎಂದು ಕೇಳುವ ರೂಢಿಯಿತ್ತು. ಇಬ್ಬರೂ ಎದ್ದುನಿಂತು ಮುಖ ತೋರಿಸುತ್ತಿದ್ದರು. ಅಂದು ಬೋಧಕ ಒಬ್ಬನೇ ಹೋದ.

"ಹೆಂಡತಿ ಎಲ್ಲಿ?" ಎಂದ ತೆಮು.

ಇಲ್ಲಿಗೆ ಅಯ್ಯನವರು ಮಾತು ನಿಲ್ಲಿಸಿ ಶಿಷ್ಯನ ಮುಖ ನೋಡಿದರು. "ಮಲಗಿದ್ದಾಳೆ ಎಂದರೆ ಸುಳ್ಳಲ್ಲ. ಚಂದ್ರ ಕರಗಲು ಇನ್ನು ಕೆಲವೇ ದಿನ ಉಳಿದಿತ್ತು. ಜ್ವರ ಎಂದರೆ ಇಬ್ಬರನ್ನೂ ಅಲ್ಲೇ ಕೊಂದುಹಾಕಬಹುದು. ಇಲ್ಲವೆ ಸಮುದ್ರಕ್ಕೆ ಅಟ್ಟಬಹುದು. ನೀನಾಗಿದ್ದರೆ ಏನು ಹೇಳುತ್ತಿದ್ದೆ?"

ಅಯ್ಯನವರು ಉತ್ತರಕ್ಕೆ ಕಾಯಲಿಲ್ಲ. ಮುಂದುವರಿಸಿದರು.

"ಮಲಗಿ..." ಎಂದು ಬೋಧಕ ಶುರುಮಾಡಿದ. ಅಲ್ಲಿಗೇ ಮಾತು ನಿಂತಿತು. ತೆಮುವಿನ ಹಿಂದೆ, ಬುಟ್ಟಿ ಹಿಡಿದು ಬಂಡೆಯ ಕಡೆಗೆ ಬರುತ್ತಿದ್ದ ಬಸುರಿ ಹೆಂಗಸೊಬ್ಬಳನ್ನು ಅವನು ನೋಡಿದ.

"ನಿಲ್ಲಿಸು ಅವಳನ್ನು!" ಎಂದು ಕೂಗಿದ. "ನನ್ನ ಹೆಂಡತಿಗೆ ಜ್ವರ. ಯಾವ ಜ್ವರವೋ ನನಗೆ ಗೊತ್ತಿಲ್ಲ. ಯಾರೂ ಈ ಕಡೆ ಬರಬೇಡಿ. ಬಂಡೆಯ ಮೇಲೆ ಏನೂ ಇಡಬೇಡಿ, ದಿನಾ ನಾನು ಮುಟ್ಟಿದ ಬಂಡೆ ಅದು. ಈ ನೀರನ್ನೂ ಕುಡಿಯಬೇಡಿ."

ಹೆಂಗಸಿನ ಕೈಯಿಂದ ಬುಟ್ಟಿ ಬಿತ್ತು. ತೆಮು ತಿರುಗಿ ಓಡಿದ. ಸ್ವಲ್ಪ ಹೊತ್ತಿನಲ್ಲಿ ಊರಿನಲ್ಲಿ ಶಂಖ ಊದಿದರು. ಕೂಗು, ಅಳು, ನಾಯಿ ಬೊಗಳುವುದು ಎಲ್ಲ ಒಟ್ಟಿಗೆ ಕೇಳಿಸಿತು. ಈಗ ಬರುತ್ತಾರೆ ಎಂದು ಬೋಧಕ ಗುಡಾರದ ಬಾಗಿಲಿಗೆ ಅಡ್ಡಲಾಗಿ ನಿಂತ. ಯಾರೂ ಬರಲಿಲ್ಲ. ಜನ ಮಕ್ಕಳನ್ನು ಎತ್ತಿಕೊಂಡು ಗುಡ್ಡ ಹತ್ತುತ್ತಿರುವುದು ಕಂಡಿತು. ಮಧ್ಯಾಹ್ನದ ಹೊತ್ತಿಗೆ ಊರಿನಲ್ಲಿ ಒಂದು ಒಲೆಯ ಹೊಗೆಯೂ ಇರಲಿಲ್ಲ.

ಈಟಿಯ ಎದುರು ನಿಂತಾಗಲೂ ಅವನಿಗೆ ಇಷ್ಟು ಭಯವಾಗಿರಲಿಲ್ಲ. ಬಿದ್ದ ತೆಂಗಿನಕಾಯಿಗಳನ್ನು ಆರಿಸಿ ತಂದ. ಸುಲಿಯಲು ಹೋಗಿ ಕೈ ಕೊಯ್ದುಕೊಂಡ. ತಬಿಥಾ ಜ್ವರದಲ್ಲಿ ಬಡಬಡಿಸುತ್ತಿದ್ದಳು. ಅವ್ವನನ್ನು ಕರೆಯುತ್ತಿದ್ದಳು, ಬಾವಿಯ ಹಗ್ಗ ಎಲ್ಲಿ ಎನ್ನುತ್ತಿದ್ದಳು. ಪ್ರಾರ್ಥನೆಗೆ ಕೂತರೆ ಅವನಿಗೆ ಒಂದು ಮಾತೂ ಹೊರಡಲಿಲ್ಲ. ಅವಳು ಸತ್ತರೆ ಹೂಳುವುದೆಲ್ಲಿ ಎಂಬ ಯೋಚನೆಯೇ ಮತ್ತೆ ಮತ್ತೆ ಬರುತ್ತಿತ್ತು.

ತೊರೆಯಲ್ಲಿ ಯಾರೋ ನೀರು ತುಳಿಯುವ ಸದ್ದಾಯಿತು. ನೋಡಿದರೆ ತೆಮು. ಹೆಗಲ ಮೇಲೆ ಎಳನೀರಿನ ಗೊನೆ, ಕೈಯಲ್ಲಿ ಕತ್ತಿ. ಬೋಧಕ ಕತ್ತಿಯನ್ನೇ ನೋಡಿದ.

"ಬರಬೇಡ ಎಂದೆನಲ್ಲ!"

"ಎಂದೆ," ಎಂದ ತೆಮು. ಗೊನೆ ಇಳಿಸಿ ಒಂದು ಎಳನೀರು ಕೆತ್ತಿದ. "ಆ ಮೊದಲ ಹಡಗಿನವರ ಗುಡಾರದಲ್ಲೂ ಒಬ್ಬ ಮಲಗಿದ್ದ. ಏನಾಗಿದೆ ಎಂದು ನಾನೇ ಹೋಗಿ ಕೇಳಿದ್ದೆ. ದಣಿದಿದ್ದಾನೆ, ನಿದ್ದೆ ಮಾಡುತ್ತಿದ್ದಾನೆ ಎಂದರು. ನಾನು ಮನೆಗೆ ಹೋಗಿ ಮಕ್ಕಳಿಗೆ, ಹೋಗಿ ಆಡಿಕೊಳ್ಳಿ ಎಂದೆ." ಎಳನೀರನ್ನು ಚಾಚಿ ಹೇಳಿದ, "ನೀನು ಮುಚ್ಚಿಡಲಿಲ್ಲ. ಬಾ, ಅವಳ ತಲೆ ಎತ್ತಿ ಹಿಡಿ."

ಇಬ್ಬರೂ ಸೇರಿ ಆರೈಕೆ ಮಾಡಿದರು. ತೆಮುವಿಗೆ ಔಷಧಿ ಏನೂ ಗೊತ್ತಿರಲಿಲ್ಲ. ಅವನು ನೀರು ತಂದ, ಬೆಂಕಿ ಆರದಂತೆ ನೋಡಿಕೊಂಡ, ಬೋಧಕನಿಗೆ ಬೈದು ಉಣ್ಣಿಸಿದ. ಪ್ರತಿ ಬೆಳಿಗ್ಗೆ ಇಬ್ಬರೂ ತಬಿಥಾಳ ಚರ್ಮ ನೋಡುತ್ತಿದ್ದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡದೆ ತಮ್ಮ ತಮ್ಮ ಚರ್ಮ ನೋಡಿಕೊಳ್ಳುತ್ತಿದ್ದರು. ಬೊಕ್ಕೆ ಏಳಲಿಲ್ಲ. ಜ್ವರ ಒಂದು ದಿನ ಬಿಡುವುದು, ಮರುದಿನ ಮತ್ತೆ ಏರುವುದು. ಅದು ಜೌಗು ನೆಲದ ಚಳಿಜ್ವರ. ಕೊನೆಗೊಂದು ಮುಂಜಾನೆ ಅವಳು ಬೆವರಿನಲ್ಲಿ ತೊಯ್ದು ಕಣ್ಣು ಬಿಟ್ಟಳು. ಎದುರಿಗೆ ತೆಮು ಕೂತದ್ದನ್ನು ಕಂಡು ಸೆರಗು ಸರಿಮಾಡಿಕೊಂಡಳು. ಅದನ್ನು ನೋಡಿ ಬೋಧಕ ಹೊರಗೆ ಹೋಗಿ ಅತ್ತ.

ಊರಿನ ಹಿರಿಯ ಗುಡ್ಡದಿಂದ ಹೇಳಿಕಳಿಸಿದ, ಜ್ವರ ಬಿಟ್ಟ ದಿನದಿಂದ ಲೆಕ್ಕ ಮತ್ತೆ ಮೊದಲಾಗಬೇಕು ಎಂದು. ತೆಮುವೂ ಅಲ್ಲಿಯವರೆಗೆ ಊರಿಗೆ ಮರಳುವಂತಿಲ್ಲ. ಈ ಸಲ ಬೋಧಕ ಕುದಿಯಲಿಲ್ಲ. ಸರಿ ಎಂದ. ಮೂವರೂ ತೊರೆಯ ಈಚೆ ಉಳಿದರು. ತೆಮು ಅವರಿಗೆ ತನ್ನ ಭಾಷೆಯಲ್ಲಿ ನೀರು, ಬೆಂಕಿ, ಮೀನು, ಬಾ, ಕೂರು ಎಂಬ ಮಾತುಗಳನ್ನು ಕಲಿಸಿದ. ತಬಿಥಾ ಬೇಗ ಕಲಿತಳು. ಬೋಧಕ ತಪ್ಪಾಗಿ ಉಚ್ಚರಿಸಿ ಏನೋ ಅಶ್ಲೀಲ ಅಂದಾಗ ತೆಮು ಮರಳಿನ ಮೇಲೆ ಉರುಳಾಡಿ ನಕ್ಕ. ಅವನು ನಕ್ಕದ್ದನ್ನು ಅವರು ನೋಡಿದ್ದು ಅದೇ ಮೊದಲು.

ಚಂದ್ರ ತುಂಬಿ ಕರಗಿದ ಮೇಲೆ ಜನ ಗುಡ್ಡದಿಂದ ಇಳಿದುಬಂದರು. ಊರಿನ ಹಿರಿಯ ತಾನೇ ತೊರೆ ದಾಟಿ ಬಂದು ಬೋಧಕನ ಕೈ ಹಿಡಿದ. ಮನೆಗಳ ಕಡೆಗೆ ಅವನನ್ನು ಕರೆದೊಯ್ಯಲಿಲ್ಲ. ಸಮಾಧಿಗಳ ಸಾಲಿಗೆ ಕರೆದೊಯ್ದ. ಒಂದೊಂದರ ಮುಂದೆಯೂ ನಿಂತು ಸತ್ತವರ ಹೆಸರು ಹೇಳಿದ. ಬೋಧಕ ಪ್ರತಿಯೊಂದು ಹೆಸರನ್ನೂ ಅವನ ಹಿಂದೆ ಹೇಳಿದ. ತಪ್ಪಿದರೆ ಜನ ತಿದ್ದಿದರು. ಚಿಕ್ಕ ಸಮಾಧಿಗಳು ಬಂದಾಗ ತೆಮು ಮುಂದೆ ಬಂದು ತಾನೇ ಹೆಸರು ಹೇಳಿದ. ಅಂದು ಬೋಧಕ ಪುಸ್ತಕ ತೆರೆಯಲಿಲ್ಲ. ಅದರ ಮಾರನೆಯ ದಿನವೂ ತೆರೆಯಲಿಲ್ಲ.

ಗಾಳಿ ತಿರುಗಿತು. ಹಡಗು ಬಂತು. ಇಷ್ಟು ದಿನವಾದ ಮೇಲೆ ಗಂಡಹೆಂಡಿರು ಹೊರಟೇಬಿಡುತ್ತಾರೆ ಎಂದು ದೋಣಿಯವರು ಜಾಗ ಬಿಟ್ಟು ಕೂತಿದ್ದರು. ಬೋಧಕ ಅವರನ್ನು ದಡದಿಂದ ದೂರವೇ ತಡೆದ. "ನಿಮ್ಮಲ್ಲಿ ಯಾರಿಗಾದರೂ ಜ್ವರವಿದೆಯೇ?" ಎಂದು ಕೇಳಿದ. ಅವರು ಉಪ್ಪು, ಸೂಜಿ, ದಾರ ದೂರದಲ್ಲಿ ಇಳಿಸಿ ಹೊರಟುಹೋದರು. ಗಂಡಹೆಂಡಿರು ಅಲ್ಲೇ ಉಳಿದರು.

ಅಯ್ಯನವರು ಮಾತು ಮುಗಿಸಿದರು. ಯೋತಾಮ ಕೇಳಿದ:

"ಅಯ್ಯನವರೇ, ಕೊನೆಗೆ ಆ ದ್ವೀಪದಲ್ಲಿ ದೇವರನ್ನು ನಂಬಿದವರು ಎಷ್ಟು ಮಂದಿ?"

"ಮೊದಲು ಅವರು ಆ ಬೋಧಕನನ್ನು ನಂಬಿದರು, ಯೋತಾಮ. ದೇವರಿಗೆ ಅವಸರವಿರಲಿಲ್ಲ."