ಪಂಕಜಮ್ಮನ ಮನೆಯ ಗೇಮಿನ ಹಬ್ಬ

ಹತ್ತಿರ ಬಾರೇ, ಬಾಗಿಲು ಮುಂದೆ ಮಾಡು. ನಾನು ಹೇಳಿದೆ ಅಂತ ಎಲ್ಲೂ ಬಾಯಿ ಬಿಡಬೇಡ, ನನ್ನಾಣೆ.

ಎದುರುಮನೆ ಪಂಕಜಮ್ಮನ ಅಳಿಯನಿಗೆ ವಿಡಿಯೋ ಗೇಮಿನ ಹುಚ್ಚು. ಅಂಥ ಹುಚ್ಚರೆಲ್ಲ ಸೇರಿ ಆ ಗೇಮಿಗೆ ತಾವೇ ಒಂದು ಹಬ್ಬ ಹುಟ್ಟಿಸಿಕೊಂಡಿದ್ದಾರಂತೆ! ಈ ಸಲ ಅದು ಅತ್ತೆಯ ಮನೇಲಿ. ಪಂಕಜಮ್ಮನಿಗೆ ತಲೆಬುಡ ತಿಳಿಯದು. ಅಳಿಯನನ್ನ ಕೇಳೋಕೆ ಬಿಂಕ.

ಆ ಹಬ್ಬದ ದಿನವೇ ಅವಳ ಅಡುಗೆಯವಳು ಹರಿಹರಕ್ಕೆ ಹೋಗಿ ಮಗಳ ಹಸುಗೂಸನ್ನು ನೋಡಬೇಕಿತ್ತು. ರಜೆ ಕೇಳಿದಳು.

“ಹಬ್ಬದ ದಿನ ರಜೆಯಾ? ಮನೆ ತುಂಬ ಜನಕ್ಕೆ ಹೋಳಿಗೆ ಯಾರು ಮಾಡ್ತಾರೆ, ನಾನಾ?” ಅಂದಳು ಪಂಕಜಮ್ಮ. ಆಮೇಲೆ ಮೆಲ್ಲಗೆ, “ಅಲ್ಲವೇ, ಇದಕ್ಕೆ ದೇವರು ಯಾರೇ? ಪೂಜೆ ಹೇಗೆ?”

“ಆಡೋ ಯಂತ್ರದ ಹಬ್ಬ ಅಂದಮೇಲೆ ಆಯುಧಪೂಜೆ ಇದ್ದಂಗೆ ಕಣ್ರಮ್ಮ.”

“ಹೌದಲ್ಲ! ಹಾಗಾದರೆ ಕೆಲಸಕ್ಕೆ ಬರೋ ಒಂದು ಸಾಮಾನನ್ನೂ ಬಿಡಬೇಡ. ಎಲ್ಲಕ್ಕೂ ಪೂಜೆ ಆಗಲಿ.”

ಹಬ್ಬದ ಬೆಳಿಗ್ಗೆ ಅಡುಗೆಯವಳು, ಅಳಿಯ ಹಿಂದಿನ ದಿನವೇ ತಂದಿಟ್ಟಿದ್ದ ಗೇಮಿನ ಪೆಟ್ಟಿಗೆಗೆ ಕುಂಕುಮ ಹಚ್ಚಿದಳು. ಗ್ಯಾಸ್ ಒಲೆಗೆ, ಮಿಕ್ಸಿಗೆ, ಲಟ್ಟಣಿಗೆಗೂ ಹಚ್ಚಿ ಹೂವಿಟ್ಟಳು. “ಪೂಜೆ ಆದದ್ದನ್ನ ನಾಳೆವರೆಗೂ ಮುಟ್ಟಬಾರದು, ನಿಮಗೇ ಗೊತ್ತಲ್ಲಮ್ಮ,” ಅಂದವಳೇ ಹೋಗಿ ಹರಿಹರದ ಬಸ್ಸು ಹತ್ತಿದಳು.

ಅಳಿಯ ಗೆಳೆಯರ ದಂಡು ಕಟ್ಟಿಕೊಂಡು ಬಂದ. “ಅಯ್ಯೋ ಅತ್ತೆ, ಇದು ದಿನವಿಡೀ ಆಡೋ ಹಬ್ಬ!” ಅಂತ ಕುಂಕುಮ ಒರೆಸಿ ಆಡೋಕೆ ಕೂತ.

ಹಾಗಾದರೆ ಒಲೆ ಹಚ್ಚಬಹುದೋ, ಬಾರದೋ? ಪಂಕಜಮ್ಮ ಲಟ್ಟಣಿಗೆ ಮುಂದೆ ಕಣ್ಣು ಕಣ್ಣು ಬಿಡುತ್ತಾ ನಿಂತಳು.

ಹೋಳಿಗೆ ಆಸೆಗೆ ಬಂದ ಪಕ್ಕದಮನೆ ಗಿರಿಜವ್ವ ತಣ್ಣಗಿದ್ದ ಒಲೆ ನೋಡಿ, ನಡೆದದ್ದು ಕೇಳಿ, ಮುಖಕ್ಕೇ ಅಂದಳು: “ಹಬ್ಬ ಹರಿಹರದಲ್ಲಿ ನಡೀತಿದೆ ಪಂಕಜಮ್ಮ. ನಿಮ್ಮನೇಲಿ ಬರೀ ಉಪವಾಸ.”