ಗಡಿಯನ್ನಷ್ಟೇ ಸರಿಸಿದವನು

ಗವಿಯಪ್ಪ ಮಾಸ್ತರು ಊರು ಬಿಟ್ಟದ್ದು ಹುಡುಗನಾಗಿದ್ದಾಗ, ಕಾರಹುಣ್ಣಿಮೆಯ ಮರುದಿನ, ಏಳನೇ ತರಗತಿಯ ಹೊಸ ಪುಸ್ತಕ ಬಿಚ್ಚುವ ಮೊದಲೇ. ಆಮೇಲೆ ಅವರು ಯಾವ ಊರಲ್ಲೂ ಬಹುಕಾಲ ನಿಂತವರಲ್ಲ. ಕಂಪ್ಯೂಟರ್ ರಿಪೇರಿ ಮಾಡುತ್ತ, ಕೇಳಿದವರಿಗೆ ಕಲಿಸುತ್ತ ತಿರುಗಿದರು.

ಫೋಟೋ ಸ್ಟುಡಿಯೋ ನಡೆಸುವ ಶಿಷ್ಯೆ ದಿಲ್‌ಶಾದ್ ಒಂದು ಬೆಳಿಗ್ಗೆ ಕೇಳಿದಳು: "ಗುರುಗಳೆ, ಹೋದ ಸಲ ಇನ್ನೊಂದು ಡಿಸ್ಕಿನ ಜಾಗ ಹಿಗ್ಗಿಸುವಾಗ ಕೆಲಸ ನಿಲ್ಲಿಸಲಿಲ್ಲ. ಇದನ್ನ ಕುಗ್ಗಿಸೋಕೆ ಮಾತ್ರ ಅನ್‌ಮೌಂಟ್ ಮಾಡಿ ಬಳಕೆಯಿಂದ ಬಿಡಿಸು, ಅರ್ಧ ದಿನ ಅಂಗಡಿ ಮುಚ್ಚು ಅಂತೀರಲ್ಲ, ಯಾಕೆ?"

ಕರಿ ಪರದೆಯ ಮೇಲೆ ಪಾರ್ಟಿಷನ್ನಿನ, ಅಂದರೆ ಡಿಸ್ಕಿನೊಳಗೆ ಗುರುತು ಹಾಕಿಟ್ಟ ಭಾಗದ, ಗಡಿ ಕುಗ್ಗಿಸುವ ಆಜ್ಞೆ ಸಿದ್ಧವಾಗಿತ್ತು. ಎಂಟರ್ ಒತ್ತುವುದೊಂದೇ ಬಾಕಿ. ಊರಿನ ಹದಿನೆಂಟು ವರ್ಷದ ಮದುವೆ, ನಾಮಕರಣಗಳೆಲ್ಲ ಆ ಡಿಸ್ಕಿನಲ್ಲಿದ್ದವು. ಬೇರೆ ಪ್ರತಿ ಇರಲಿಲ್ಲ.

"ಗಡಿ ಅಷ್ಟೇ ಒಳಗೆ ತರ್ತೀನಿ. ಒಂದು ಫೋಟೋನೂ ಮುಟ್ಟಲ್ಲ," ಎಂದಳು.

ಮಾಸ್ತರು ಅವಳ ಕೈ ತಡೆದು ಹೇಳಿದರು:

"ಕುರುಬರ ಹುಡುಗನೊಬ್ಬ, ರೈತನ ಹೊಲದಲ್ಲಿ ಸುತ್ತ ಬಲೆ ಕಟ್ಟಿ ಕುರಿಮಂದೆ ನಿಲ್ಲಿಸಿದ್ದ. ಇನ್ನಷ್ಟು ನೆಲಕ್ಕೆ ಗೊಬ್ಬರ ಬೀಳಲಿ ಎಂದು ರೈತ ಕೇಳಿದಾಗ ಬಲೆಯನ್ನು ಹೊರಕ್ಕೆ ಸರಿಸಿದ. ಮಲಗಿದ್ದ ಕುರಿಗಳು ಏಳಬೇಕಾಗಲಿಲ್ಲ. ಆಮೇಲೆ ತಾವೇ ಹರಡಿಕೊಂಡವು. ಎರಡು ದಿನ ಬಿಟ್ಟು ಮಧ್ಯಾಹ್ನ ರೈತ ಬಂದು, ಈ ಅರ್ಧ ಖಾಲಿ ಮಾಡಪ್ಪ, ನೇಗಿಲು ಹೂಡಬೇಕು ಎಂದ. ಮಂದೆ ಮೆಲುಕು ಹಾಕುತ್ತಿತ್ತು..."

ಮಾಸ್ತರ ಮಾತು ತುಸು ನಿಧಾನವಾಯಿತು. ಬಿಸಿಲಿಗೆ ಕಾದ ಉಣ್ಣೆಯ ವಾಸನೆ ಇನ್ನೂ ಅವರ ಮೂಗಿಗೆ ಬರುವಂತಿತ್ತು.

"ಎಬ್ಬಿಸಲು ಅವನಿಗೆ ಮನಸ್ಸಾಗಲಿಲ್ಲ. ಮಂದೆಯ ನಡುವೆಯೇ ಬಲೆ ತಂದು ಕಟ್ಟಿ, ಬುತ್ತಿ ಬಿಚ್ಚಿದ. ಎತ್ತುಗಳು ಬಂದವು. ಬಲೆಯ ಹೊರಗೆ ಉಳಿದ ಕುರಿಗಳು ಬೆದರಿ ದಿಕ್ಕಾಪಾಲಾದವು. ಸಂಜೆ ಎಣಿಸಿದಾಗ ಎರಡು ಕಡಿಮೆ ಬಿದ್ದವು. ಅವನ ಅಜ್ಜ ಏನು ಮಾಡಿದೆಯೋ ಎಂದು ಕೇಳಿದ. ಬಲೆ ಅಷ್ಟೇ ಸರಿಸಿದೆ ಅಜ್ಜಾ, ಕುರಿಗೆ ಕೈ ಹಚ್ಚಿಲ್ಲ ಎಂದ."

ದಿಲ್‌ಶಾದ್ ಟೈಪ್ ಮಾಡಿದ್ದನ್ನು ಅಳಿಸಿದಳು. ಶಟರ್ ಇಳಿಸಿ, ಡಿಸ್ಕ್ ಅನ್‌ಮೌಂಟ್ ಮಾಡಿ, ತಪಾಸಣೆ ನಡೆಸಿದಳು. ಮೊದಲು ಫೋಟೋಗಳನ್ನು ಜೋಡಿಸಿಟ್ಟುಕೊಂಡಿರುವ ಒಳಗಿನ ಫೈಲ್ ಸಿಸ್ಟಮ್ ಕುಗ್ಗಿಸಿದಳು, ಆಮೇಲೆ ಗಡಿ. ಇಳಿಹೊತ್ತಿಗೆ ಫೋಟೋಗಳು ಒಂದೂ ಕೆಡದೆ ತೆರೆದುಕೊಂಡವು.

ತಿರುಗಿ ನೋಡಿದರೆ ಮಾಸ್ತರು ಸ್ಕ್ರೂಡ್ರೈವರು, ಕೇಬಲ್ಲುಗಳನ್ನು ಚೀಲಕ್ಕೆ ತುಂಬುತ್ತಿದ್ದರು.

"ಊಟನಾದ್ರೂ ಮಾಡಿ ಹೊರಡಿ ಗುರುಗಳೆ. ಅಂದಹಾಗೆ, ಆ ಎರಡು ಕುರಿ ಸಿಕ್ಕವಾ?"

ಮಾಸ್ತರು ಚೀಲ ಹೆಗಲಿಗೇರಿಸಿ ಹೇಳಿದರು: "ಹುಡುಕಿಕೊಂಡೇ ಬರ್ತೀನಿ ಅಂತ ಅಜ್ಜನಿಗೆ ಹೇಳಿ ಹೊರಟವನು, ಇನ್ನೂ ಮನೆಗೆ ಹೋಗಿಲ್ಲ ತಾಯಿ."